ಭಟ್ಟರ ಪಂಪು ಸೊರಗಿದ್ದು

ನೀರು ಬರುವುದು ನಿಂತ ಮನೆಯಲ್ಲಿ ಯಾರೂ ನಗುವುದಿಲ್ಲ. ನಗು ಬರುವಂಥದ್ದು ಮಾತ್ರ ಅಲ್ಲೇ ಹೆಚ್ಚು ನಡೆಯುತ್ತದೆ. ಶಾಲೆ ಬಿಟ್ಟು ಊರೂರು ಅಲೆಯುತ್ತಿದ್ದ ನಾನು ಅರವತ್ತರ ದಶಕದ ಕೊನೆಗೆ ಸ್ಪ್ಯಾನರಿನ ಚೀಲ ಹಿಡಿದು ಕೈಪಂಪು ರಿಪೇರಿಗೆ ಇಳಿದಿದ್ದೆ. ಇಚಿಲಂಪಾಡಿಯ ಭಟ್ಟರೊಬ್ಬರ ಮನೆಗೆ ಹೋದದ್ದು ಹಾಗೆ.

ಅವರ ಕೊಳವೆಬಾವಿಯ ಕೈಪಂಪಿನ ನೀರು ದಿನದಿಂದ ದಿನಕ್ಕೆ ಸಪೂರ ಆಗುತ್ತ ಬಂದಿತ್ತು. ತುಂಬಿದ ಬಸುರಿ ಸೊಸೆ ಗುಡ್ಡದ ಬುಡದ ತೋಡಿನಿಂದ ಕೊಡ ಹೊತ್ತು ಹತ್ತುತ್ತಿದ್ದಳು. ಮೊದಲ ಬಸುರಿನಲ್ಲಿ ಅದೇ ಏರಿನಲ್ಲಿ ಜಾರಿ ಬಿದ್ದು ಮಗುವನ್ನು ಕಳೆದುಕೊಂಡಿದ್ದಳು. ಭಟ್ಟರು ಬಾವಿ ಕೊರೆಸಿದ್ದೇ ಆ ಮೇಲೆ.

೧. ಪಂಪಿನ ಬಾಯಾರಿಕೆ

ಅಂಥ ಪಂಪು ನೀರು ಎಳೆಯಬೇಕಾದರೆ ಮೊದಲು ಅದರ ಬಾಯಿಗೆ ನೀರು ಹೊಯ್ಯಬೇಕು.

"ಒಂದು ಕೊಡ ನೀರು ಕೊಡಿ ಅಕ್ಕ" ಎಂದೆ.

ಅವಳು ಆಗಷ್ಟೇ ಇಳಿಸಿದ ಕೊಡ ನೋಡಿದಳು, ನನ್ನನ್ನು ನೋಡಿದಳು. "ನೀರು ಬರುದಿಲ್ಲ ಅಂತ ನಿಮ್ಮನ್ನು ಕರೆದದ್ದು."

"ಹೌದು."

"ಈ ಪಂಪಿಗೂ ನಮ್ಮ ಮಾವನಿಗೂ ವ್ಯತ್ಯಾಸ ಇಲ್ಲ. ಇಬ್ಬರಿಗೂ ನಾನೇ ತಂದು ಕೊಡ್ಬೇಕು."

ಹೊಯ್ದೆ. ಕೊಡ ಪೂರ್ತಿ ಕುಡಿದ ಪಂಪು ಒಂದು ತೇಗು ತೇಗಿ ಸುಮ್ಮನಾಯಿತು.

"ಮಾವ ಆದರೂ ಕುಡಿದ ಮೇಲೆ ಒಂದು ಮಾತಾಡ್ತಾರೆ" ಎಂದಳು.

೨. ಭಟ್ಟರ ಮಗ

"ಎಂತ ರಿಪೇರಿ ಮಾರಾಯ? ನೆಲದಲ್ಲೇ ನೀರಿಲ್ಲ" ಎಂದರು ಭಟ್ಟರು, ಜಗಲಿಯಿಂದಲೇ.

ಪಂಪು ಕಳಚಿ, ಹಗ್ಗಕ್ಕೆ ಕಲ್ಲು ಕಟ್ಟಿ ಕೊಳವೆಯೊಳಗೆ ಇಳಿಸಿದೆ. ಹಗ್ಗ ಒದ್ದೆಯಾಗಿ ಬಂತು.

"ನೀರು ಉಂಟು ಭಟ್ರೇ. ಕೆಳಗೆ ಮಣ್ಣು ಕಟ್ಟಿದ್ದರೆ ಪಂಪಿನ ಹಿಡಿಕೆ ಒತ್ತುವಾಗ ಭಾರ ಆಗ್ತಿತ್ತು, ಇದು ಹಗುರ ಉಂಟು. ಒಳಗಿನ ವಾಶರು ಸವೆದಿದೆ. ನೀರು ಅರ್ಧ ದಾರಿ ಬಂದು ವಾಪಸು ಹೋಗ್ತದೆ."

ಭಟ್ಟರು ತಲೆಯಾಡಿಸಿದರು. "ಹಾಗಾದರೆ ನನ್ನ ಮಗನ ಹಾಗೆ. ಪುತ್ತೂರಿನಿಂದ ಕಡಬದವರೆಗೆ ಬರ್ತಾನೆ. ಅಲ್ಲಿ ಇಸ್ಪೀಟಿಗೆ ಕೂತು ಹಾಗೇ ವಾಪಸು ಹೋಗ್ತಾನೆ."

ಒಳಗೆ ಪಾತ್ರೆಯ ಸದ್ದು ನಿಂತಿತು. ನಾನು ತಲೆ ತಗ್ಗಿಸಿ ನಟ್ಟು ಬಿಚ್ಚತೊಡಗಿದೆ.

"ಅವನ ಅಳತೆಯ ವಾಶರು ನಿನ್ನ ಚೀಲದಲ್ಲಿ ಉಂಟಾ?" ಎಂದರು ಭಟ್ಟರು.

೩. ರಬ್ಬರು

ಸವೆದ ವಾಶರನ್ನು ತೆಗೆದು ಕಲ್ಲಿನ ಮೇಲಿಟ್ಟೆ. ಅದು ಎಮ್ಮೆಯ ಚರ್ಮದ್ದು. ಪಂಪು ಕೂರಿಸಿದವರು ಆ ಮನೆಯಲ್ಲಿ ಈ ವಿಷಯ ಎತ್ತಿರಲಿಲ್ಲ. ಗೊತ್ತಾದರೆ ಭಟ್ಟರು ಆ ನೀರು ಮುಟ್ಟುವವರಲ್ಲ.

ಸೊಸೆ ಬಗ್ಗಿ ನೋಡಿ, ಮೆಲ್ಲಗೆ, "ಚರ್ಮವಾ?" ಎಂದಳು. ಹೌದೆಂದೆ. ಅವಳ ಕಣ್ಣು ತೋಡಿನ ದಾರಿಯ ಕಡೆ ಹೋಯಿತು.

ಅಷ್ಟರಲ್ಲಿ ಭಟ್ಟರು ಬಂದು ಅದನ್ನು ಕೈಗೆತ್ತಿಕೊಂಡರು. "ಇದು ಎಂತದ್ದು?"

"ರಬ್ಬರು ಮಾವ" ಎಂದಳು, ನಾನು ಬಾಯಿ ತೆರೆಯುವ ಮೊದಲೇ.

ಭಟ್ಟರು ಮೂಸಿದರು. "ರಬ್ಬರಿಗೆ ಇಂಥ ವಾಸನೆ ಉಂಟಾ?"

"ಹಳೇ ರಬ್ಬರು."

ಅವರು ಸೊಸೆಯ ಮುಖ ನೋಡಿದರು, ಹೊಟ್ಟೆ ನೋಡಿದರು. ವಾಶರನ್ನು ಕಲ್ಲಿನ ಮೇಲೆ ವಾಪಸು ಇಟ್ಟು, ಆ ಕೈಯನ್ನು ಮೈಗೆ ತಾಗದ ಹಾಗೆ ದೂರ ಹಿಡಿದು ನಿಂತರು.

"ರಬ್ಬರೇ ಇರಬೇಕು" ಎಂದರು. "ಹೊಸ ರಬ್ಬರು ಬೇಗ ಹಾಕು ಮಾರಾಯ. ಇದನ್ನು ಮುಟ್ಟಿದ್ದಕ್ಕೆ ನಾನು ಮೀಯಬೇಕು."