ಸೊನ್ನೆ ರಿಯಾಯ್ತಿಯ ಆಟಗಾರ್ತಿ

ಸೋಲನ್ನು ನಾನು ಬಹಳ ಘನತೆಯಿಂದ ಸ್ವೀಕರಿಸುತ್ತೇನೆ ಎಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ಕೇರಂನಲ್ಲಿ ಸೋತಾಗ ಕೂಗಾಡುವವರಿದ್ದಾರೆ, ಸ್ಟ್ರೈಕರಿನ ಮೇಲೆ ತಪ್ಪು ಹೊರಿಸುವವರಿದ್ದಾರೆ, ಬೋರ್ಡೇ ಓರೆಯಾಗಿದೆ ಎಂದು ಅದರ ಕೆಳಗೆ ಕಾಗದ ಮಡಚಿ ತುರುಕುವವರೂ ಇದ್ದಾರೆ. ನಾನು ಅವರ ಪೈಕಿ ಅಲ್ಲ. ನಾನು ಅಂಕ ಬರೆದು ಪೆನ್ನಿನ ಕ್ಯಾಪು ಮುಚ್ಚುತ್ತೇನೆ, ಅಷ್ಟೆ. ಮುಚ್ಚುವಾಗ ಟಕ್ ಎಂದು ಸದ್ದಾದರೆ ಅದು ಪೆನ್ನು ತಯಾರಿಸಿದವರ ಹೊಣೆ.

ಶಿಗ್ಗಾಂವಿಯ ಒಂದು ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ದಿನಾ ಹಾನಗಲ್ಲಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಮಾತು ಕಡಿಮೆ. ಮಾತು ಕಡಿಮೆ ಇರುವವರು ಯಾರ ಪಕ್ಷವನ್ನೂ ವಹಿಸುವುದಿಲ್ಲ ಎಂಬ ನಂಬಿಕೆ ನಮ್ಮ ಪ್ರಿನ್ಸಿಪಾಲರಿಗೆ. ಹಾಗಾಗಿ ಕಾಲೇಜಿನ ವೇಳಾಪಟ್ಟಿ ತಯಾರಿಸುವ ಕೆಲಸ ನನ್ನ ಪಾಲಿಗೆ ಬಂತು. ಅತಿಥಿ ಉಪನ್ಯಾಸಕರು ಬರುವುದು ಹೋಗುವುದು ಇದ್ದೇ ಇರುವುದರಿಂದ ತಿಂಗಳಿಗೊಮ್ಮೆಯಾದರೂ ಅದನ್ನು ಹೊಸದಾಗಿ ಬರೆಯಬೇಕು. ಈ ವಿವರ ಈಗ ಅನವಶ್ಯಕ ಎನಿಸಬಹುದು. ನನಗೂ ಆಗ ಹಾಗೇ ಅನಿಸಿತ್ತು.

ನಮ್ಮ ಸ್ಟಾಫ್ ರೂಮಿನಲ್ಲಿ ಊಟದ ಬಿಡುವಿನಲ್ಲಿ ಕೇರಂ ನಡೆಯುತ್ತದೆ. ಇಪ್ಪತ್ತೈದು ಅಂಕ ಮೊದಲು ಗಳಿಸಿದವರು ಗೆದ್ದಂತೆ. ಆದರೆ ಗೆಲ್ಲುವವರೇ ಗೆದ್ದು, ಸೋಲುವವರೇ ಸೋತು ಆಟ ಸಪ್ಪೆಯಾಗುತ್ತಾ ಬಂದಿತ್ತು. ತಿಳವಳ್ಳಿಯಿಂದ ಬರುವ ಗ್ರಂಥಪಾಲಕಿ ಶಾಂತಕ್ಕನವರಂತೂ, "ಸೋಲಾಕ ನನಗ ಮನ್ಯಾಗ ಅತ್ತಿ ಅದಾರ, ಇಲ್ಲೂ ಯಾಕ್ರಿ?" ಎಂದು ಡಬ್ಬಿ ಎತ್ತಿಕೊಂಡು ಹೋಗಿಬಿಡುತ್ತಿದ್ದರು. ಆಗಲೇ ನಾನು ಗಾಲ್ಫ್ ಆಟದ ಬಗ್ಗೆ ಎಲ್ಲೋ ಓದಿದ್ದು. ಗಾಲ್ಫ್ ಮೈದಾನವನ್ನು ನಾನು ಕಣ್ಣಾರೆ ಕಂಡಿಲ್ಲ. ನಮ್ಮ ಕಡೆ ಅಷ್ಟು ಹಸಿರು ಹುಲ್ಲನ್ನು ಖಾಲಿ ಬಿಟ್ಟರೆ ಎಮ್ಮೆಗಳು ಒಪ್ಪುವುದೂ ಇಲ್ಲ. ಆದರೆ ಅಲ್ಲಿ ಕಡಿಮೆ ಕೌಶಲದವರಿಗೆ ಹ್ಯಾಂಡಿಕ್ಯಾಪ್ ಎಂಬ ರಿಯಾಯ್ತಿ ಕೊಟ್ಟು ಎಲ್ಲರನ್ನೂ ಸರಿಸಮ ಮಾಡುತ್ತಾರಂತೆ. ಇದು ನನ್ನ ಮನಸ್ಸಿಗೆ ಹಿಡಿಸಿತು. ನೂರು ಪುಟದ ರಿಜಿಸ್ಟರ್ ತಂದು ಗೆರೆ ಹೊಡೆದೆ. ಪದೇ ಪದೇ ಸೋತವರ ರಿಯಾಯ್ತಿ ಏರುತ್ತದೆ. ಎಂಟು ರಿಯಾಯ್ತಿ ಇದ್ದವರು ಎಂಟು ಅಂಕ ಕೈಯಲ್ಲಿಟ್ಟುಕೊಂಡೇ ಆಟ ಶುರು ಮಾಡುತ್ತಾರೆ. ಗೆದ್ದಂತೆಲ್ಲ ರಿಯಾಯ್ತಿ ಇಳಿಯುತ್ತದೆ.

ವರ್ಷ ಕಳೆಯುವಷ್ಟರಲ್ಲಿ ಇಡೀ ರಿಜಿಸ್ಟರಿನಲ್ಲಿ ಒಬ್ಬರ ಹೆಸರಿನ ಮುಂದೆ ಮಾತ್ರ ಸೊನ್ನೆ ಇತ್ತು. ನನ್ನದು. ಬೇರೆಯವರ ಕಣ್ಣಿಗೆ ಬೀಳದಂತೆ ನಾನು ಆಗಾಗ ಆ ಪುಟ ತೆಗೆದು ನೋಡುತ್ತಿದ್ದೆ. ಓದಿನಲ್ಲಿ ಪದಕ ಬಂದಿದೆ, ಅದನ್ನು ಅವ್ವ ಎಲ್ಲಿಟ್ಟಿದ್ದಾಳೋ ಗೊತ್ತಿಲ್ಲ. ಈ ಸೊನ್ನೆ ಮಾತ್ರ ಯಾವ ಪುಟದ ಎಷ್ಟನೇ ಸಾಲಿನಲ್ಲಿದೆ ಎಂದು ನಿದ್ದೆಯಲ್ಲೂ ಹೇಳಬಲ್ಲೆ. ಒಂದೇ ಒಂದು ವಿಚಿತ್ರವೆಂದರೆ, ಎಲ್ಲರಿಗೂ ಸೋಲುವ ಶಾಂತಕ್ಕ ನನ್ನನ್ನು ಮಾತ್ರ ಆಗಾಗ ಸೋಲಿಸುತ್ತಿದ್ದರು. ಅದನ್ನು 'ಅಪವಾದ' ಎಂದು ಪೆನ್ಸಿಲಿನಲ್ಲಿ ಬರೆದು ಸುಮ್ಮನಾಗಿದ್ದೆ.

ಈ ಸಲ ಗ್ಯಾದರಿಂಗ್ ಹತ್ತಿರ ಬಂದಾಗ ನನ್ನ ಸೊನ್ನೆಗೆ ಕುತ್ತು ಬಂತು. ಗ್ಯಾದರಿಂಗ್ ಎಂದರೆ ನಮ್ಮಲ್ಲಿ ಕಾಲೇಜಿನ ವಾರ್ಷಿಕೋತ್ಸವ. ಅದರಲ್ಲಿ ಸಿಬ್ಬಂದಿಗೂ ಕೇರಂ ಪಂದ್ಯ. ಸವಣೂರಿನ ದಸ್ತಗೀರ್ ಸರ್ ಇತಿಹಾಸ ಕಲಿಸುತ್ತಾರೆ, ಬರುವಾಗ ಎಲ್ಲರಿಗೂ ಕುರುಕಲು ಸವಣೂರ ಖಾರ ತರುತ್ತಾರೆ, ನನಗೆ ಮಾತ್ರ ಒಂದು ಹಿಡಿ ಜಾಸ್ತಿ. ಅವರ ರಿಯಾಯ್ತಿ ಏರಿ ಏರಿ ಎಂಟು ತಲುಪಿತ್ತು. ಒಂದು ದಿನ ನಾನು ಬಾಗಿಲಲ್ಲಿ ನಿಂತಿದ್ದು ಅವರಿಗೆ ಕಾಣಲಿಲ್ಲ. ಒಬ್ಬರೇ ಆಡುತ್ತಿದ್ದರು. ಒಂದೇ ಹೊಡೆತಕ್ಕೆ ಮೂರು ಕಾಯಿ ಮೂರು ಮೂಲೆಗೆ ಹೋದವು. ಅರ್ಧ ಗಂಟೆಯ ನಂತರ ಅದೇ ಮನುಷ್ಯ ನನ್ನ ಎದುರು ಕೂತು, ಮೂಲೆಯ ಬಾಯಲ್ಲೇ ಇದ್ದ ಕಾಯಿಯನ್ನು ತಪ್ಪಿಸಿದರು. "ಯಾಕೋ ಕೈ ಜಾರ್ತೈತ್ರಿ ಮೇಡಂ" ಎಂದು ಬೆರಳು ಒರೆಸಿಕೊಂಡರು.

ನನಗೆ ಎಲ್ಲ ಸ್ಪಷ್ಟವಾಯಿತು. ಬೇಕೆಂದೇ ಸೋತು, ರಿಯಾಯ್ತಿ ಏರಿಸಿಕೊಂಡು, ಪಂದ್ಯದ ದಿನ ಎಂಟು ಅಂಕ ಮುಂದಿಟ್ಟುಕೊಂಡು ನನ್ನ ಸೊನ್ನೆ ಅಳಿಸುವ ಹುನ್ನಾರ! ರಿಜಿಸ್ಟರ್ ಕಂಕುಳಲ್ಲಿಟ್ಟುಕೊಂಡು ಅವರನ್ನು ಹುಡುಕುತ್ತಾ ಗ್ರಂಥಾಲಯಕ್ಕೆ ಹೋದೆ.

"ಸರ್, ನೀವು ಬೇಕಂತ ಸೋಲಾಕತ್ತೀರಿ" ಎಂದೆ.

ದಸ್ತಗೀರ್ ಸರ್ ಪತ್ರಿಕೆ ಕೆಳಗಿಟ್ಟರು. "ಹೌದ್ರಿ ಮೇಡಂ" ಎಂದರು. ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾರೆಂದು ಗೊತ್ತಿದ್ದರೆ ನಾನು ಅಷ್ಟೊಂದು ಪುರಾವೆ ಹೊತ್ತು ತರುತ್ತಿರಲಿಲ್ಲ. "ಆದ್ರ ರಿಯಾಯ್ತಿ ಆಸೆಕ್ಕಲ್ರಿ, ಬಸ್ಸಿನ ಆಸೆಕ್ಕ."

"ಯಾವ ಬಸ್ಸು?"

"ಶನಿವಾರ ಒಂದ್ ಗಂಟೆ ಸವಣೂರ ಬಸ್ಸು. ಹ್ವಾದ ವರ್ಷ ನಾ ನಿಮ್ಮನ್ನ ಇಪ್ಪತ್ತೈದು-ನಾಕಕ್ಕ ಸೋಲಿಸಿದ್ದೆ, ನೆನಪೈತಿಲ್ರಿ?"

"ನೆನಪಿಲ್ರಿ" ಎಂದೆ. ಅದು ಇಪ್ಪತ್ತೈದು-ಐದು.

"ಅದರ ಮುಂದಿನ ವೇಳಾಪಟ್ಟಿಯೊಳಗ ಶನಿವಾರ ಕಡೀ ಪಿರಿಯಡ್ ನಂಗ ಬಂತು. ಒಂದ್ ತಿಂಗಳ ಬಸ್ಸು ನನ್ನ ಕಣ್ಣ ಮುಂದ ಹೋಗಾಕತ್ತಿತ್ತು, ನಾ ಕ್ಲಾಸಿನ ಕಿಡಕ್ಯಾಗಿಂದ ನೋಡಾಕತ್ತಿದ್ದೆ. ಅವತ್ತಿಂದ ಸ್ಟಾಫ್ ರೂಮಿನ್ಯಾಗ ನಿಮ್ಮನ್ನ ಸೋಲಿಸೋ ಧೈರ್ಯ ಯಾರಿಗೈತ್ರಿ?"

ಕೌಂಟರಿನ ಹಿಂದಿನಿಂದ ಶಾಂತಕ್ಕನ ನಗು ಕೇಳಿಸಿತು. "ನೀವು ಪೆನ್ನಿನ ಟೊಪಗಿ ಟಕ್ ಅಂತ ಮುಚ್ಚಿದ್ರ ಸಾಕವಾ, ಎಲ್ಲಾರೂ ಎದಿ ಹಿಡ್ಕೋತಾರ. ನಂಗ ಪಿರಿಯಡ್ಡೂ ಇಲ್ಲ, ವೇಳಾಪಟ್ಟೀನೂ ಇಲ್ಲ. ನಾ ಯಾಕ ಸೋಲ್ಲಿ?"

ಅಪವಾದಕ್ಕೆ ಅರ್ಥ ಸಿಕ್ಕಿತು. ಆ ಇಡೀ ರಿಜಿಸ್ಟರಿನಲ್ಲಿ ಶಾಂತಕ್ಕನದೊಂದೇ ಪ್ರಾಮಾಣಿಕ ಆಟ.

ಅಂದು ಸಂಜೆ ಹಾನಗಲ್ ಬಸ್ಸಿನಲ್ಲಿ ಹಳೆಯ ವೇಳಾಪಟ್ಟಿಗಳನ್ನೂ ರಿಜಿಸ್ಟರನ್ನೂ ತೊಡೆಯ ಮೇಲೆ ಹರಡಿಕೊಂಡು ಕೂತೆ. ಈ ಆರೋಪವನ್ನು ಲೆಕ್ಕದಿಂದಲೇ ತೊಳೆದುಬಿಡಬೇಕೆಂದಿದ್ದೆ. ಆರಂಭದ ದಿನಗಳಲ್ಲಿ ನಾಲ್ವರು ಉಪನ್ಯಾಸಕರು ನನ್ನನ್ನು ಸೋಲಿಸಿದ್ದರು. ನಾಲ್ವರಿಗೂ ಮುಂದಿನ ಪಟ್ಟಿಯಲ್ಲಿ ಶನಿವಾರದ ಕೊನೆಯ ಪಾಠ ಬಂದಿತ್ತು. ನಾನು ಆಣೆ ಮಾಡಿ ಹೇಳುತ್ತೇನೆ, ಬೇಕೆಂದು ಮಾಡಿದ್ದಲ್ಲ. ಒಂದೊಂದಕ್ಕೂ ಆಗ ಒಳ್ಳೆಯ ಕಾರಣವಿತ್ತು. ಕೊಠಡಿ ಖಾಲಿ ಇರಲಿಲ್ಲ, ಪ್ರಯೋಗಾಲಯ ಅಡ್ಡ ಬಂತು, ಹೀಗೆ. ಆದರೆ 'ಇದು ಕಾಕತಾಳೀಯ' ಎಂದು ನನ್ನ ವಿದ್ಯಾರ್ಥಿ ಯಾರಾದರೂ ಉತ್ತರ ಬರೆದಿದ್ದರೆ ನಾನು ಸೊನ್ನೆ ಕೊಡುತ್ತಿದ್ದೆ.

ಪಂದ್ಯದ ದಿನ ಬೆಳಿಗ್ಗೆಯೇ ಮುಂದಿನ ವೇಳಾಪಟ್ಟಿಗೆ ಪ್ರಿನ್ಸಿಪಾಲರ ಸಹಿ ಹಾಕಿಸಿ ಸೂಚನಾ ಫಲಕಕ್ಕೆ ಅಂಟಿಸಿದೆ. ಶನಿವಾರದ ಕೊನೆಯ ಪಾಠ ನನಗೇ. ಆಮೇಲೆ ಬೋರ್ಡಿನ ಮುಂದೆ ಕೂತು, "ಈಗ ಆಡ್ರಿ ಸರ್" ಎಂದೆ. ದಸ್ತಗೀರ್ ಸರ್ ಎದ್ದು ಹೋಗಿ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, ಸಹಿಯ ಮೇಲೆ ಬೆರಳಾಡಿಸಿ ವಾಪಸು ಬಂದರು. "ಎಂಟು ಬ್ಯಾಡ್ರಿ, ಸೊನ್ನೀಲಿಂದ ಸುರು ಮಾಡೂಣು" ಎಂದರು. ಅವರು ಇಪ್ಪತ್ತೈದು ಮುಟ್ಟಿದಾಗ ನನ್ನದು ಎರಡು. ಎಲ್ಲರೂ ಕಾಯಿಗಳನ್ನು ಬಿಟ್ಟು ನನ್ನ ಕೈ ನೋಡುತ್ತಿದ್ದರು. ನಾನು ಅದಕ್ಕೂ ತಯಾರಾಗಿಯೇ ಬಂದಿದ್ದೆ. ಕ್ಯಾಪಿನ ಪೆನ್ನು ಮನೆಯಲ್ಲಿಟ್ಟು, ತಲೆ ಒತ್ತುವ ಪೆನ್ನು ತಂದಿದ್ದೆ. ನಗುತ್ತಲೇ ಅಂಕ ಬರೆದೆ, ನಗುತ್ತಲೇ ಪೆನ್ನಿನ ತಲೆ ಒತ್ತಿದೆ. ಅದೂ ಟಕ್ ಎನ್ನುತ್ತದೆ ಎಂಬುದು ಆಗ ಹೊಳೆಯಿತು.

ಈಗ ರಿಜಿಸ್ಟರ್ ಶಾಂತಕ್ಕನ ಕೈಯಲ್ಲಿದೆ. ಎಲ್ಲರೂ ನಿಜವಾಗಿ ಆಡತೊಡಗಿದ ಮೇಲೆ ನನ್ನ ರಿಯಾಯ್ತಿ ಹನ್ನೊಂದಕ್ಕೆ ಬಂದಿದೆ. ಮೊದಮೊದಲು ನೋವಾಯಿತು. ಆಮೇಲೆ ಒಂದು ಶನಿವಾರ, ಕೊನೆಯ ಪಾಠ ಮುಗಿಸಿ ಬಸ್ಸಿಗೆ ಕಾಯುತ್ತಾ ಸುಮ್ಮನೆ ಲೆಕ್ಕ ಹಾಕಿದೆ: ಹದಿನಾಲ್ಕಾದರೆ, ಬರುವ ಗ್ಯಾದರಿಂಗಿನಲ್ಲಿ ದಸ್ತಗೀರ್ ಸರ್ ಎದುರು ನಾನು ಗಳಿಸಬೇಕಾದದ್ದು ಬರೀ ಹನ್ನೊಂದು.

ನಿನ್ನೆ ಮೂಲೆಯ ಬಾಯಲ್ಲೇ ಇದ್ದ ಕಾಯಿಯೊಂದು ನನಗೆ ತಪ್ಪಿತು. ಶಾಂತಕ್ಕ ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದರು.

"ಯಾಕೋ ಕೈ ಜಾರ್ತೈತ್ರಿ ಅಕ್ಕ" ಎಂದೆ.