ಇಂಗಾಲದ ಐದನೆಯ ಕೈ

ನಗೆಯ ಪ್ರಸಂಗಗಳಿಗೆ ಹೊತ್ತುಗೊತ್ತು ಇರುವುದಿಲ್ಲ. ಎದೆ ಡವಡವ ಎನ್ನುವಾಗಲೇ ಅವು ನನ್ನ ಮುಂದೆ ಬಂದು ನಿಲ್ಲುತ್ತವೆ.

ನಮ್ಮ ಯಜಮಾನರು ಗಂಗಾವತಿಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಕೊಪ್ಪಳ ಜಿಲ್ಲೆಯಾದ ಹೊಸತರಲ್ಲಿ ಕೊಂಡ ಕಂಪ್ಯೂಟರಿನಲ್ಲಿ, ಕನ್ನಡ ಮಾಧ್ಯಮದ ಮಕ್ಕಳಿಗೆಂದು ಅಣುಗಳ ರಚನಾಚಿತ್ರಗಳನ್ನು ಬರೆದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಗೊತ್ತಾಯಿತು: ಆ ಫೈಲುಗಳು ಬೇರೆ ಯಾವ ಕಂಪ್ಯೂಟರಿನಲ್ಲೂ ತೆರೆಯುವುದಿಲ್ಲ. ಈ ಕಂಪ್ಯೂಟರಿನ ಹಾರ್ಡ್ ಡಿಸ್ಕೋ, ಕಟಕಟ ಎನ್ನುತ್ತಿದೆ. ಅದು ನಿಂತರೆ ಚಿತ್ರಗಳೂ ಹೋದಂತೆ. ಎಲ್ಲ ಕಂಪ್ಯೂಟರಿಗೂ ತಿಳಿಯುವ ಒಂದು ಗುರುತುಭಾಷೆಗೆ ಅವನ್ನು ಬದಲಿಸಿಕೊಡುತ್ತೇನೆ ಎಂದು ಭಾಗ್ಯನಗರದ ಕಂಪ್ಯೂಟರ್ ಅಂಗಡಿಯವನು ಹೇಳಿದ.

ಬಸ್ಸಿನಲ್ಲಿ

ಕಂಪ್ಯೂಟರಿನ ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ರಸ್ತೆಯ ಪ್ರತಿ ತಗ್ಗಿಗೂ ಡಿಸ್ಕ್ ಹೋಯಿತೆಂದೇ ಜೀವ ಹಾರುತ್ತಿತ್ತು.

"ಒಳಗೇನೈತ್ರಿ ಅಕ್ಕೋರ?" ಎಂದ, ನಾನು ಶಾಲೆಗೆ ಪಾಠ ಮಾಡಲು ಹೋಗುವಾಗ ದಿನವೂ ಸಿಗುವ ಕಂಡಕ್ಟರ್. ಶಿಕ್ಷಕಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ.

ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುವುದು ನನ್ನ ರೂಢಿ. "ಬೆಂಜೀನ್, ಈಥರ್, ಅಸಿಟೋನ್," ಎಂದೆ.

ಸೀಟಿ ಊದಿಯೇಬಿಟ್ಟ. ಬಸ್ಸು ಗಕ್ಕನೆ ನಿಂತಿತು. ನಾನು ಪೆಟ್ಟಿಗೆಯನ್ನು ಅಪ್ಪಿಕೊಂಡೆ.

"ಇಂಥಾವು ಬಸ್ಸಿನ್ಯಾಗ ಒಯ್ಯಂಗಿಲ್ರಿ! ಬೆಂಕಿ ಹತ್ತಿದ್ರ?"

"ಚಿತ್ರ ಅದಾವಪ್ಪ, ಬರೇ ಚಿತ್ರ!"

ಪಕ್ಕದ ಸೀಟಿನ ಅಜ್ಜಿ ನಡುವೆ ಬಾಯಿ ಹಾಕಿದಳು: "ಹೋಗ್ಲಿ ಬಿಡಪಾ, ಅಕ್ಕೋರು ಪಾಪ. ಬೀಡಿ ಸೇದಾವ್ರನ್ನಷ್ಟ ಹಿಂದ ಕುಂದ್ರಸು."

ಅಂಗಡಿಯಲ್ಲಿ

"ಈ ಗುರುತುಭಾಷೆ ರೇಷನ್ ಕಾರ್ಡ್ ಇದ್ದಂಗ್ರಿ," ಎಂದ ಅಂಗಡಿಯವನು. "ಮನ್ಯಾಗ ಯಾರ್ಯಾರು ಅದಾರ, ಯಾರಿಗೆ ಯಾರು ಏನಾಗಬೇಕು, ಎಲ್ಲಾ ಬರದಿರತೈತಿ."

ಮೊದಲ ಚಿತ್ರ ಬದಲಾಗಿ ಬಂತು. ಪರಮಾಣುಗಳ ಪಟ್ಟಿ, ಕೆಳಗೆ ಅವುಗಳ ಬಂಧಗಳು. ನಾನು ಬೆರಳಿಟ್ಟು ನೋಡುತ್ತ ಹೋದೆ. ಒಂದು ಕಡೆ ಬೆರಳು ನಿಂತಿತು.

"ತಪ್ಪಾಗೇತಪ್ಪ. ಇಂಗಾಲಕ್ಕ ನಾಕ ಕೈ, ಅಂದ್ರ ನಾಕ ಬಂಧ. ಇಲ್ಲಿ ಐದು ತೋರಸಾಕತ್ತೈತಿ."

ಎರಡನೆಯ ಚಿತ್ರದಲ್ಲೂ ಐದು. ಮೂರನೆಯದರಲ್ಲೂ ಐದು. ನಾನು ಮತ್ತೆ ಮೊದಲಿಂದ ಎಣಿಸಿದೆ. ಅವನು ಮಾತ್ರ ಆರಾಮಾಗಿದ್ದ.

"ಹೆಚ್ಚಿಗೀನ ಬಂದೈತಲ್ರಿ ಅಕ್ಕೋರ, ಕಡಿಮಿ ಏನೂ ಕೊಟ್ಟಿಲ್ಲಲ್ಲ!"

ಮದ್ಯಸಾರ

ಡಿಸ್ಕಿನ ಸದ್ದು ಜೋರಾಗುತ್ತಿತ್ತು. ಅಷ್ಟರಲ್ಲಿ ಒಂದು ಮದ್ಯಸಾರದ ಅಣುವಿನೊಳಗೆ ಯುರೇನಿಯಂ ಬಂದು ಕುಳಿತಿತು. ಚಿತ್ರಗಳೆಲ್ಲ ಕೆಟ್ಟೇಹೋಗಿವೆ ಎಂದುಕೊಂಡೆ.

"ಯುರೇನಿಯಂ ಅಂದ್ರ ಬಾಂಬಿಗೆ ಹಾಕ್ತಾರಲ್ರಿ, ಅದಾ? ಸರು ಏನ್ ಮಾಡಾಕತ್ತಿದ್ರು ಮನ್ಯಾಗ?"

ಮೂಲ ಚಿತ್ರ ತೆಗೆಸಿದೆ. ಅರ್ಧಕ್ಕೆ ಬಿಟ್ಟ ಅಣು. ಅದರ ತುದಿಗೇ ಅಂಟಿಸಿದಂತೆ ಕನ್ನಡದಲ್ಲಿ ಒಂದು ಸಾಲು.

ಆಗ ತಿಳಿಯಿತು. ಆ ಕಾಲದ ಕನ್ನಡ ಅಕ್ಷರ ಪರದೆಯ ಮೇಲಷ್ಟೇ ಕನ್ನಡ, ಒಳಗೆಲ್ಲ ಇಂಗ್ಲಿಷ್. ನಾವು 'ಅ' ಎಂದು ಓದುವುದು ಒಳಗೆ ಇಂಗ್ಲಿಷಿನ ಸಿ. ಸಿ ಇಂಗಾಲದ ಗುರುತಾದ್ದರಿಂದ ಬದಲಿಸುವ ಯಂತ್ರಕ್ಕೆ ಅದು ಇಂಗಾಲ. 'ಊ' ಒಳಗೆ ಎಚ್, ಅಂದರೆ ಜಲಜನಕ. 'ಗಾ' ಶುರುವಾಗುವುದು ಯು ಇಂದ, ಅದು ಯುರೇನಿಯಂ. ಹಿಂದಿನ ಚಿತ್ರಗಳಲ್ಲೂ ಇಂಗಾಲದ ಐದನೆಯ ಕೈ ಹಿಡಿದಿದ್ದದ್ದು ನಮ್ಮ ಯಜಮಾನರ ಬರಹವನ್ನು.

"ಬರದದ್ದೆಲ್ಲಾ ಅಳಿಸಿಬಿಡೂಣ್ರಿ, ಲಗೂ ಆಕ್ಕೈತಿ. ಡಿಸ್ಕ್ ತಡಿಯಂಗಿಲ್ಲ."

"ಮೊದಲು ಓದಪ್ಪ," ಎಂದೆ. ನನ್ನ ಕಣ್ಣು ಮಂಜಾಗಿತ್ತು.

ಅವನು ಓದಿದ: "'ಅಕ್ಕೋರು ಊಟಕ್ಕ ಕೂಗಾಕತ್ಯಾರ. ಉಳಿದದ್ದು ನಾಳೆ.'"

ಮನೆಯಲ್ಲೂ ಅವರು ನನ್ನನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು.

ಉಳಿದ ಚಿತ್ರಗಳ ಬರಹವನ್ನು ನಾನು ಹಾಳೆಗೆ ಇಳಿಸಿಕೊಳ್ಳುತ್ತ ಹೋದೆ, ಅವನು ಅಳಿಸಿ ಬದಲಿಸುತ್ತ ಹೋದ. ಡಿಸ್ಕ್ ತಡೆಯಿತು. ಚಿತ್ರಗಳೆಲ್ಲ ಉಳಿದವು. ಕೊನೆಗೆ ಈ ಮದ್ಯಸಾರದ ಚಿತ್ರವೊಂದೇ ಬಾಕಿ.

"ಇದನ್ನ ಮುಟ್ಟಬ್ಯಾಡ. ಯುರೇನಿಯಂ ಇದ್ರೂ ಇರ್ಲಿ," ಎಂದೆ.

ಅವನು 'ಕೂಗಾಕತ್ಯಾರ' ಎಂಬ ಶಬ್ದದೊಳಗಿನ 'ಗಾ' ಮೇಲೆ ಬೆರಳಿಟ್ಟು, ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಂಡ.

"ಮಷಿನ್ ಸುಳ್ಳು ಹೇಳಿಲ್ಲ ಬಿಡ್ರಿ ಅಕ್ಕೋರ. ಯುರೇನಿಯಂ ಇರೂದು ನೀವು ಕೂಗಿದ್ರಾಗ."