ಚಾ ಕುಡಿಯಲು ಹೋದ ಕೂದಲು

ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಪೆನ್ನು. ಗವಿಸಿದ್ದೇಶನ ಕಿವಿಯ ಮೇಲಿಂದ ಜಾರಿ ಗೋದಾಮಿನ ಕಪಾಟಿನ ಕೆಳಗೆ ಉರುಳಿತು. ಅವನು ಮೊಣಕಾಲೂರಿ ಒಳಗೆ ತೂರಿದ, ಕೆಳಗಿನ ಸಾಲಿನ ಕಟ್ಟುಗಳಿಗೆ ತಲೆ ಉಜ್ಜಿಕೊಂಡ, ಪೆನ್ನು ಹಿಡಿದು ಹೊರಬಂದ. ಬಿಚ್ಚಿಹೋಗಿದ್ದ ಕೂದಲನ್ನು ಮತ್ತೆ ತುರುಬು ಕಟ್ಟಿ ಚಾ ಕುಡಿಯಲು ಹೋದ.

ಭಾಗ್ಯನಗರದ ಆ ಗೋದಾಮಿನಲ್ಲಿ ಇದ್ದದ್ದೆಲ್ಲ ಕೂದಲೇ. ಊರೂರಿನ ಬಾಚಣಿಕೆಗಳಿಂದ ಬಂದ ಸಿಕ್ಕುಗಂಟನ್ನು ಬಿಡಿಸಿ, ತೊಳೆದು, ಉದ್ದ ನೋಡಿ ಕಟ್ಟು ಕಟ್ಟಿ ಹೊರದೇಶಕ್ಕೆ ಕಳಿಸುವ ವ್ಯಾಪಾರ ದೇವೇಂದ್ರಪ್ಪ ಸಾಹುಕಾರರದು. ಈಚೆಗೆ ಅವರು ಎಲ್ಲವನ್ನೂ ಕಂಪ್ಯೂಟರಿಗೆ ಒಪ್ಪಿಸಿದ್ದರು. ಪ್ರತಿ ಕಟ್ಟಿಗೂ ಚಿಪ್ ಇರುವ ಸ್ಟಿಕ್ಕರ್. ಅದು ಗೇಟು ದಾಟಿದರೆ ಅಕ್ಕಪಕ್ಕದ ಕಂಬಗಳು ಸದ್ದಿಲ್ಲದೆ ಆಫೀಸಿನ ಪರದೆಗೆ ಚಾಡಿ ಹೇಳುತ್ತಿದ್ದವು. ಹಾಜರಿಗೆ ಮುಖ ನೋಡುವ ಯಂತ್ರ. ಬೆಳಿಗ್ಗೆ ಒಮ್ಮೆ, ಸಂಜೆ ಆರರೊಳಗೆ ಒಮ್ಮೆ ಮುಖ ತೋರಿಸಬೇಕು; ಒಂದು ತಪ್ಪಿದರೂ ಇಡೀ ದಿನ ಗೈರು.

"ಮನಷ್ಯಾ ಸುಳ್ಳ ಹೇಳ್ತಾನ, ಕಂಪ್ಯೂಟರ್ ಹೇಳಂಗಿಲ್ಲ," ಎನ್ನುವುದು ಸಾಹುಕಾರರ ಹೊಸ ಮಂತ್ರ.

ಮೂರು ತಿಂಗಳು ಒಂದೂ ಗೈರಿಲ್ಲದೆ, ಒಂದೂ ಕಟ್ಟು ಕಳೆಯದೆ ಗೋದಾಮು ನೋಡಿಕೊಂಡರೆ ನೌಕರಿ ಕಾಯಂ ಎಂದು ಗವಿಸಿದ್ದೇಶನಿಗೆ ಮಾತು ಕೊಟ್ಟಿದ್ದರು. ಅವತ್ತು ಕೊನೆಯ ದಿನ. ಮಗನಿಗೆ ಕಾಯಂ ನೌಕರಿ ಸಿಕ್ಕರೆ ಅವನ ತಲೆ ಬೋಳಿಸುತ್ತೇನೆಂದು ಅವನ ತಾಯಿ ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದಳು. ಹಿಂದಿನ ಎರಡು ನೌಕರಿಗಳೂ ಕೈಕೊಟ್ಟಿದ್ದರಿಂದ ಹರಕೆ ಬೆಳೆಯುತ್ತಲೇ ಹೋಗಿ, ಕೂದಲು ಬೆನ್ನಿಗೂ ಗಡ್ಡ ಎದೆಗೂ ಬಂದಿತ್ತು.

ಚಾ ಮುಗಿಸಿ ಬಂದವನನ್ನು ಕಂಪ್ಯೂಟರಿನ ಮುಂದೆ ಕೂತಿದ್ದ ಖುಷ್ಬು ಕರೆದಳು. "ಗವಿಯಣ್ಣ, ಏಳನೇ ಕಪಾಟಿನ ಒಂದು ಕಟ್ಟು ಗೇಟ್ ದಾಟಿ ಹೊರಗ ಹೋಗೇತಿ."

"ಯಾರು ಒಯ್ದ್ರು?"

"ಅದನ್ನ ಕಂಪ್ಯೂಟರ್ ಹೇಳಂಗಿಲ್ಲ. ತಡೀರಿ, ಈಗ ತಿರಗಿ ಬಂದೈತಿ."

"ಚಾ ಕುಡಿಯಾಕ ಹೋಗಿತ್ತೇನು?" ಎಂದು ನಗುತ್ತ ಹೋಗಿ ಕಪಾಟು ನೋಡಿದ. ಒಂದು ಕಟ್ಟಿನ ಜಾಗ ಹಲ್ಲು ಉದುರಿದ ಬಾಯಿಯಂತೆ ಖಾಲಿ ಇತ್ತು. ನಗು ನಿಂತಿತು.

ಆಟೋದವರನ್ನು ಕೇಳಲು ಹೊರಗೆ ಓಡಿದ. ಬಂದ. ಪಾರ್ಸೆಲ್ ಆಫೀಸಿಗೆ ಓಡಿದ. ಬಂದ. ಪ್ರತಿ ಸಲವೂ ಖುಷ್ಬು ಪರದೆ ನೋಡಿ ಕೂಗುತ್ತಿದ್ದಳು: "ಮತ್ತ ಹೊರಗ ಹೋತು! ಮತ್ತ ಒಳಗ ಬಂತು!"

ಸಾಹುಕಾರರು ಕನ್ನಡಕ ಏರಿಸಿದರು. "ಕಟ್ಟಿಗೆ ಹೊಟ್ಟಿ ಕೆಟ್ಟೈತೇನೋ? ಘಳಿಗಿಗೊಮ್ಮೆ ಬಯಲಕಡಿಗೆ ಹೊಂಟೈತಿ! ನೋಡ ಗವಿ, ಸಂಜಿ ಆರಕ್ಕ ಲೆಕ್ಕ ಬಂದ್ ಆಗ್ತತಿ. ಅಷ್ಟರಾಗ ಕಟ್ಟು ಕಪಾಟಿನ್ಯಾಗ ಇರಬೇಕು. ಇಲ್ಲಂದ್ರ ಕಳವು ಅಂತ ಬರಕೊಂತೈತಿ. ನಾ ಬರಿಯಂಗಿಲ್ಲಪಾ, ಅದ ಬರಕೊಂತೈತಿ."

ಗವಿಸಿದ್ದೇಶ ಸಿಕ್ಕು ಬಿಡಿಸುವ ಹೆಂಗಸರ ಚೀಲ ನೋಡಲು ಹೋದ. ಅವರಲ್ಲಿ ಹಿರಿಯಳಾದ ಮುದಕಮ್ಮ ಸೊಂಟಕ್ಕೆ ಕೈಯಿಟ್ಟು ಎದ್ದಳು.

"ಯಾಕ, ನಾವೇನು ಕೂದಲ ಕದ್ದು ಪಲ್ಯಾ ಮಾಡ್ತೀವೇನು? ಅಷ್ಟು ಬೇಕಂದ್ರ ನಿನ್ನ ತಲಿಮ್ಯಾಲ ಒಂದು ಕಟ್ಟು ಐತಲ್ಲ, ಬೋಳಿಸಿ ಇಡು!"

ಹೆಂಗಸರೆಲ್ಲ ನಕ್ಕರು. ಗವಿಸಿದ್ದೇಶ ಮಾತ್ರ ತುರುಬು ಮುಟ್ಟಿ ನೋಡಿಕೊಂಡ. ಉದ್ದ ಸರಿಯಾಗಿತ್ತು, ಕಪ್ಪಗೂ ಇತ್ತು; ಹೊಸ ಸ್ಟಿಕ್ಕರ್ ಹಚ್ಚಿದರಾಯಿತು. ಹುಲಿಗೆಮ್ಮನಾದರೆ ತಪ್ಪುಕಾಣಿಕೆ ತೆಗೆದುಕೊಂಡು ಕ್ಷಮಿಸುತ್ತಾಳೆ, ಕಂಪ್ಯೂಟರಿಗೆ ಆ ಪದ್ಧತಿ ಇಲ್ಲ.

ಎದುರಿನ ವಿರುಪಣ್ಣನ ಕಟಿಂಗ್ ಅಂಗಡಿಯಲ್ಲಿ ಕೂತು, "ಪೂರಾ ಬೋಳಿಸು," ಎಂದ.

"ಹರಕಿ ಕೂದಲ ಹುಲಿಗ್ಯಾಗ, ಅಮ್ಮನ ಗುಡಿ ಮುಂದ ತಗಸಬೇಕೋ. ಇಲ್ಲಿ ತಗದ್ರ ಲೆಕ್ಕಕ್ಕಿಲ್ಲ."

"ಇವತ್ತ ಬ್ಯಾರೆ ಲೆಕ್ಕ ಐತಿ. ಬೋಳಿಸು."

"ಹಂಗಾರ ಗಡ್ಡಾನೂ ತಗೀತೀನಿ. ಬರೇ ತಲಿ ಬೋಳಿಸಿದ್ರ ಮುಖ ತಲಿಕೆಳಗ ಇಟ್ಟಂಗ ಕಾಣ್ತತಿ."

ಗಡ್ಡ ಹೋಯಿತು. ಮುಂದಲೆ ಹೋಯಿತು. ಹಿಂದಿನ ತುರುಬು ಬಿಚ್ಚಿದ ವಿರುಪಣ್ಣನ ಕತ್ತಿ ನಿಂತಿತು. "ಇದೇನೋ, ನಿನ್ನ ತಲಿಗೂ ಸ್ಟಿಕ್ಕರ್ ಹಚ್ಯಾರಲ್ಲ ಸಾಹುಕಾರ್ರು?"

ಗವಿಸಿದ್ದೇಶ ಅದನ್ನು ಕೈಗೆ ತೆಗೆದುಕೊಂಡು ನೋಡಿದ. ಏಳನೇ ಕಪಾಟು. ಕನ್ನಡಿಯಲ್ಲಿ ಅರ್ಧ ಬೋಳುತಲೆ ಅವನನ್ನೇ ನೋಡುತ್ತಿತ್ತು. ಪೆನ್ನು, ಕಪಾಟು, ಚಾ, ಆಟೋ, ಎಲ್ಲವೂ ಒಂದೊಂದಾಗಿ ನೆನಪಾದವು. ಉಳಿದರ್ಧವನ್ನು ಇಟ್ಟುಕೊಂಡು ಮಾಡುವುದೇನೂ ಇರಲಿಲ್ಲ. "ಮುಗಸಪಾ," ಎಂದ.

ಸ್ಟಿಕ್ಕರನ್ನೂ ಪೇಪರಿನಲ್ಲಿ ಸುತ್ತಿದ ಕೂದಲನ್ನೂ ಹಿಡಿದು ಓಡಿಬಂದರೆ, ಮುದಕಮ್ಮ ಅಂಗಳದ ತಂತಿಯ ಮೇಲೆ ಒದ್ದೆ ಕಟ್ಟೊಂದನ್ನು ಒಣಹಾಕುತ್ತಿದ್ದಳು.

"ಯಾರಪಾ ನೀ? ಏ, ಗವಿ ಏನೋ!"

"ಅದು ಯಾವ ಕಪಾಟಿನ ಕಟ್ಟು ಯವ್ವಾ?"

"ಏಳನೇ ಕಪಾಟಿಂದು. ಸ್ಟಿಕ್ಕರ್ ಇರಲಿಲ್ಲ. ಸ್ಟಿಕ್ಕರ್ ಇಲ್ಲದ್ದು ಕಂಡ್ರ ಮತ್ತ ತೊಳಿಯಾಕ ಹಾಕ್ರಿ ಅಂತ ಸಾಹುಕಾರ್ರ ಹೇಳ್ಯಾರಲ್ಲ?"

"ಮುಂಜಾನಿಂದ ಹುಚ್ಚನಂಗ ಹುಡಕಾಕತ್ತೀನಿ, ಒಂದು ಮಾತು ಹೇಳಬಾರದೇನು?"

"ನೀ ಚೀಲ ತೋರ್ಸು ಅಂದಿ. ಕಟ್ಟು ಎಲ್ಲೈತಿ ಅಂತ ಕೇಳಿದೇನು?"

ಹಸಿ ಕಟ್ಟಿಗೇ ಸ್ಟಿಕ್ಕರ್ ಹಚ್ಚಿ ಕಪಾಟಿಗಿಟ್ಟರು. ಪರದೆ ಹಸಿರಾಯಿತು. ಗವಿಸಿದ್ದೇಶನ ಎದೆಯ ಮೇಲಿನ ಬೀಸುಕಲ್ಲು ಇಳಿಯಿತು. ಸಾಹುಕಾರರು ಅವನ ಬೋಳುತಲೆಯನ್ನು ಪ್ರೀತಿಯಿಂದ ತಟ್ಟಿದರು.

"ನೋಡಿದ್ಯಾ? ಕಟ್ಟಿನ ಸ್ಟಿಕ್ಕರ್ ಹೊರಗ ಹೋಗಿದ್ದೂ ಖರೆ, ಒಳಗ ಬಂದಿದ್ದೂ ಖರೆ. ಕಂಪ್ಯೂಟರ್ ಸುಳ್ಳ ಹೇಳಂಗಿಲ್ಲ. ಹೋಗು, ಸಂಜಿ ಹಾಜರಿ ಹಾಕು. ನಾಳಿಂದ ನೀ ಕಾಯಂ."

ಗವಿಸಿದ್ದೇಶ ಯಂತ್ರದ ಮುಂದೆ ನಿಂತ. 'ಗುರುತು ಸಿಗಲಿಲ್ಲ' ಎಂದಿತು. ಮುಖ ಒರೆಸಿಕೊಂಡು ನಿಂತ. ಗುರುತು ಸಿಗಲಿಲ್ಲ. ನಕ್ಕು ನೋಡಿದ. ಗುರುತು ಸಿಗಲಿಲ್ಲ. ಕೊನೆಗೆ ಮುದಕಮ್ಮ ಪೇಪರ್ ಬಿಚ್ಚಿ ಅವನದೇ ಕೂದಲನ್ನು ಅವನ ತಲೆಯ ಮೇಲೆ ಹೊದಿಸಿದಳು, ಖುಷ್ಬು ಒಂದು ಹಿಡಿ ಗಲ್ಲಕ್ಕೆ ಒತ್ತಿ ಹಿಡಿದಳು. ಯಂತ್ರ ಬಹಳ ಹೊತ್ತು ಯೋಚಿಸಿತು. ಅಷ್ಟರಲ್ಲಿ ಆರು ಹೊಡೆಯಿತು. 'ಗವಿಸಿದ್ದೇಶ: ಗೈರು.'

"ನಿಮ್ಮ ಮುಂದ ನಿಂತೀನಲ್ರೀ ಸಾಹುಕಾರ್ರ!"

"ನನಗ ಕಾಣ್ತಿಯಪಾ. ಅದಕ್ಕ ಕಾಣವಲ್ಲಿ." ಸಾಹುಕಾರರು ನಿಟ್ಟುಸಿರು ಬಿಟ್ಟರು. "ಇನ್ನ ಮೂರು ತಿಂಗಳ ನೋಡೂಣು. ಕಳವಿನ ಹೆಸರು ಬರ್ಲಿಲ್ಲ, ಅದ ದೊಡ್ಡದು ಅನ್ಕೋ."

ಅದು ನಿಜವೇ ಆಗಿತ್ತು. ಕಳ್ಳನಾಗುವುದಕ್ಕಿಂತ ಗೈರಾಗುವುದು ಎಷ್ಟೋ ವಾಸಿ. ಗವಿಸಿದ್ದೇಶನಿಗೆ ನಗುವೇ ಬಂತು.

"ಛಲೋನ ಆತು ಬಿಡೋ," ಎಂದಳು ಮುದಕಮ್ಮ. "ನೀ ಕಾಯಂ ಆಗೂದ್ರಾಗ ಹರಕಿಗೆ ಕೂದಲಾನೂ ಬೆಳಿತಾವ."

ಖುಷ್ಬು ಅವನನ್ನು ಯಂತ್ರದ ಮುಂದೆ ನಿಲ್ಲಿಸಿ ಹೊಸ ಮುಖದ ಫೋಟೋ ತೆಗೆದುಕೊಂಡಳು. ಈ ಸಲ ಯಂತ್ರ ಒಪ್ಪಿತು.

"ಇನ್ನ ಚಿಂತಿಲ್ಲ ಗವಿಯಣ್ಣ, ನಾಳಿಂದ ಗುರುತು ಹಿಡಿತೈತಿ," ಎಂದಳು. "ಒಂದ ಮಾತು. ಮೂರು ತಿಂಗಳ ತನಕ ಕೂದಲ ಮಾತ್ರ ಬೆಳಸಬ್ಯಾಡ್ರಿ ಮತ್ತ."